ಅದನ್ನು ತಾಯ್ನಾಡು ಅನ್ನಬೇಡಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿ ಬಗ್ಗೆ ನೀವು ಹಾಕಿದ ಲೇಖನ ಓದಿದೆ. ಬರೆದವರು ಶ್ರಮಪಟ್ಟು ಬರೆದಿದ್ದಾರೆ. ಆದರೆ ಒಂದು ಮಾತು ಅನ್ನದಲ್ಲಿ ಕಲ್ಲು ಸಿಕ್ಕ ಹಾಗೆ ಸಿಕ್ಕಿತು. ಕಪ್ಪು ಜನರಿಗೆ ಬುಡಕಟ್ಟಿನ ಪ್ರಕಾರ ಹತ್ತು 'ತಾಯ್ನಾಡು'ಗಳನ್ನು (ಇಂಗ್ಲಿಷಿನಲ್ಲಿ ಹೋಮ್‌ಲ್ಯಾಂಡ್) ಮಾಡಿಕೊಟ್ಟರು ಎಂದಿದೆ. ಕೊನೆಯಲ್ಲಿ, ಉದ್ದೇಶ ಒಳ್ಳೆಯದೇ ಇತ್ತು, ಜಾರಿ ಮಾಡುವಾಗ ಕೆಟ್ಟಿತು ಅನ್ನುವ ಅರ್ಥದ ಸಾಲೂ ಇದೆ. ಗುರುವಾರ ನೀವು ಹಾಕಿದ ಓದುಗರ ಪತ್ರದಲ್ಲಂತೂ ಒಬ್ಬರು, ನಾವೂ 1956ರಲ್ಲಿ ಭಾಷೆ ನೋಡಿ ರಾಜ್ಯ ಮಾಡಿಕೊಂಡೆವಲ್ಲ, ಅವರು ಮಾಡಿದರೆ ತಪ್ಪೇನು ಎಂದು ಕೇಳಿದ್ದಾರೆ.

ನಾನು ಇತಿಹಾಸದ ಮೇಷ್ಟರಲ್ಲ. ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರಾಗಿ ಸೇರಿ, ಟಿ.ಸಿ. ಆಗಿ, ಅಂದರೆ ಸಂಚಾರ ನಿಯಂತ್ರಕನಾಗಿ ನಿವೃತ್ತನಾದವನು. ಬಸ್‌ಸ್ಟ್ಯಾಂಡಿನ ಸಣ್ಣ ಕಿಟಕಿ ಹಿಂದೆ ಕೂತು ಮೈಕಿನಲ್ಲಿ ಊರಿನ ಹೆಸರು ಕೂಗುತ್ತಿದ್ದವನು. ಇವನಿಗೂ ಆಫ್ರಿಕಾಕ್ಕೂ ಏನು ಸಂಬಂಧ ಅನ್ನಬಹುದು ನೀವು. ಸಂಬಂಧ ಬಸ್ಸಿನಿಂದಲೇ ಬಂತು.

ಮಗಳು ಅಳಿಯ ಪ್ರಿಟೋರಿಯಾ ಪಕ್ಕದ ಸೆಂಚುರಿಯನ್‌ನಲ್ಲಿದ್ದಾರೆ. ಕಂಪ್ಯೂಟರ್ ಕೆಲಸ. ಮೂರು ವರ್ಷದ ಹಿಂದೆ ಮಗಳ ಬಾಣಂತನಕ್ಕೆ ಅಂತ ನನ್ನ ಹೆಂಡತಿ ಹೊರಟಳು, ಜೊತೆಗೆ ನಾನೂ ಹೋದೆ. ಮೂರು ತಿಂಗಳು ಇದ್ದೆವು. ಬಾಣಂತಿ ಮನೆಯಲ್ಲಿ ಗಂಡಸಿಗೆ ಏನು ಕೆಲಸ? ಕಾಫಿ ಕುಡಿದು ಅಪಾರ್ಟ್‌ಮೆಂಟಿನ ಗೇಟಿನ ಹತ್ತಿರ ಬಿಸಿಲು ಕಾಯುವುದು. ಅಲ್ಲಿ ಮೆಟ್ಟಿಲು, ಕಾರಿಡಾರು ಒರೆಸಲು ಬರುತ್ತಿದ್ದ ಒಬ್ಬ ಹೆಂಗಸು ಪರಿಚಯವಾದರು. ಅರವತ್ತು ದಾಟಿತ್ತು. ಎಲ್ಲರೂ 'ಮಾ' ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು 'ಬಾಬಾ' ಅಂದರು. ಅಲ್ಲಿ ಹಿರಿಯರಿಗೆ ಹಾಗನ್ನುತ್ತಾರೆ. ಇಬ್ಬರದೂ ಹರುಕು ಇಂಗ್ಲಿಷು. ಅವರಿಗೆ ಅದೂ ಸೇರಿ ಐದು ಭಾಷೆ ಬರುತ್ತಿತ್ತು, ನನಗೆ ಎರಡೂವರೆ.

ಹೊಸಬರು ಸಿಕ್ಕರೆ ನಾವು ಮೊದಲು ಕೇಳುವುದೇ 'ಯಾವೂರು ನಿಮ್ಮದು?' ಅಂತ. ನಾನೂ ಕೇಳಿದೆ. ಮಾ ಪೊರಕೆ ನಿಲ್ಲಿಸಿದರು. 'ಹುಟ್ಟಿದ ಊರು ಕೇಳ್ತೀರೋ, ಕಾಗದದಲ್ಲಿ ಬರೆದ ಊರೋ, ಈಗ ಮಲಗೋ ಊರೋ?' ಅಂದರು. ತಮಾಷೆಗೆ ಅಂದರು ಅಂದುಕೊಂಡೆ. ತಮಾಷೆ ಅಲ್ಲ ಅಂತ ಗೊತ್ತಾಗಲು ಒಂದು ವಾರ ಬೇಕಾಯಿತು.

ಮಲಗುವ ಊರು ಹಿಂದೆ ಕ್ವಾಂಡೆಬೆಲೆ ಎಂದು ಹೆಸರಿಟ್ಟಿದ್ದ ಸೀಮೆಯಲ್ಲಿದೆ. ಪ್ರಿಟೋರಿಯಾದಿಂದ ನೂರು ಕಿಲೋಮೀಟರಿಗೂ ಜಾಸ್ತಿ. ಮಲಗುವುದು ಅಂದರೂ ಹೆಸರಿಗೆ. ರಾತ್ರಿ ಎರಡೂವರೆಗೆ ಏಳಬೇಕು. ಮೂರೂವರೆಗೆ ಬಸ್ಸು. ಆರರ ಹೊತ್ತಿಗೆ ಪ್ರಿಟೋರಿಯಾದ ಮರಬಾಸ್ಟಡ್ ನಿಲ್ದಾಣ. ಅಲ್ಲಿಂದ ಇನ್ನೊಂದು ವ್ಯಾನು. ಏಳಕ್ಕೆ ಕೈಯಲ್ಲಿ ಪೊರಕೆ. ಸಂಜೆ ಅದೇ ದಾರಿ ವಾಪಸ್ಸು, ಮನೆ ಮುಟ್ಟುವಾಗ ಎಂಟು ಗಂಟೆ. ನಾನು ಟಿ.ಸಿ. ಆಗಿದ್ದವನು, ಮನಸ್ಸಿನಲ್ಲೇ ಶೆಡ್ಯೂಲ್ ಹಾಕಿ ನೋಡಿದೆ. ನಮ್ಮಲ್ಲಿ ರಾತ್ರಿ ಎರಡು ಮೂರು ಗಂಟೆಗೆ ಓಡುವುದು ದೂರದೂರಿನ ಬಸ್ಸು. ಅದರಲ್ಲಿ ಕೂತವರು ಹಬ್ಬಕ್ಕೋ ಮದುವೆಗೋ ಹೊರಟವರು. ನೆಲ ಒರೆಸಲು ಹೋಗುವವರಿಗಾಗಿ ವರ್ಷವಿಡೀ ಆ ಹೊತ್ತಿನಲ್ಲಿ ಸಾಲುಸಾಲು ಬಸ್ಸು ಹೊರಡಿಸಿದ ಶೆಡ್ಯೂಲನ್ನು ನನ್ನ ಸರ್ವಿಸ್‌ನಲ್ಲೇ ನೋಡಿಲ್ಲ. ಇದನ್ನು ಯಾರು ಹಾಕಿದ್ದು, ಯಾಕೆ ಹಾಕಿದ್ದು? ಅಲ್ಲಿಂದ ನನ್ನ ವಿಚಾರಣೆ ಶುರುವಾಯಿತು. ಅಳಿಯ ಲೈಬ್ರರಿಯಿಂದ ಪುಸ್ತಕ ತಂದುಕೊಟ್ಟ. ಮಾ ಬಾಯಲ್ಲಿ ಹೇಳಿದರು.

ಮಾ ಹುಟ್ಟಿದ್ದು ಪ್ರಿಟೋರಿಯಾದ ಪೂರ್ವಕ್ಕೆ ಒಬ್ಬ ಬಿಳಿಯ ರೈತನ ಜಮೀನಿನಲ್ಲಿ. ಅಪ್ಪ ಅಲ್ಲೇ ಆಳು, ತಾತನೂ ಅಲ್ಲೇ ಆಳು. ವರ್ಷದಲ್ಲಿ ಇಷ್ಟು ತಿಂಗಳು ಬಿಟ್ಟಿ ದುಡಿದರೆ ಉಳಿಯಲು ಗುಡಿಸಲು, ನಾಲ್ಕು ದನ ಮೇಯಿಸಲು ಜಾಗ. ಟ್ರ್ಯಾಕ್ಟರು ಬಂದ ಮೇಲೆ ಅಷ್ಟು ಜನ ಬೇಡವಾದರು. ಒಂದು ದಿನ ಸರ್ಕಾರಿ ಲಾರಿ ಬಂತು. ಸರ್ಕಾರಿ ಗಾಡಿಗಳ ನಂಬರ್ ಪ್ಲೇಟಿನಲ್ಲಿ 'ಜಿಜಿ' ಎಂಬ ಅಕ್ಷರ ಇರುತ್ತಿತ್ತು. ಹಾಗಾಗಿ ಒಕ್ಕಲೆಬ್ಬಿಸುವುದಕ್ಕೇ ಜನ 'ಜಿಜಿ' ಅಂತ ಹೆಸರಿಟ್ಟಿದ್ದರು. ಮಂಚ, ಪಾತ್ರೆ, ಕೋಳಿ, ಅಜ್ಜಿ ಎಲ್ಲ ಒಂದೇ ಲಾರಿಗೆ. ದನ ಅಲ್ಲೇ ಸಿಕ್ಕ ಬೆಲೆಗೆ ಹೋದವು. ಲಾರಿ ಇಳಿಸಿದ ಕಡೆ ಒಣ ಬಯಲು. ಬಯಲಲ್ಲಿ ಸಾಲಾಗಿ ತಗಡಿನ ಕಕ್ಕಸು. ಮನೆ ಇಲ್ಲ, ಬರೀ ಕಕ್ಕಸು. ಒಂದೊಂದರ ಮುಂದೆ ಒಂದೊಂದು ನಂಬರು. ಈ ನಂಬರು ನಿಮ್ಮದು, ಇಲ್ಲಿ ಮನೆ ಕಟ್ಟಿಕೊಳ್ಳಿ ಅಂದರು. ಮಾಗೆ ಆಗ ಹದಿನೆಂಟು ಹತ್ತೊಂಬತ್ತು ವಯಸ್ಸು. ಕಂಕುಳಲ್ಲಿ ಮಗು. ಆ ಬಯಲಿಗೆ ಅವರ ಮನೆಯವರು ಯಾರೂ ಮುಂಚೆ ಕಾಲಿಟ್ಟಿರಲಿಲ್ಲ.

ಸಂಪಾದಕರೇ, ನಿಮ್ಮ ಲೇಖನ ತಾಯ್ನಾಡು ಎಂದು ಕರೆದದ್ದು ಇದನ್ನು.

ಮಾ ಅವರ ಬುಡಕಟ್ಟಾದ ಎಂಡೆಬೆಲೆ ಜನರಿಗೆ ನಿಜವಾದ ತಾಯ್ನಾಡು ಇರಲಿಲ್ಲವಾ? ಇತ್ತು. ಈಗಿನ ರೂಸೆನೆಕಾಲ್ ಊರಿನ ಹತ್ತಿರದ ಬೆಟ್ಟಗಳಲ್ಲಿ ಅವರ ಒಂದು ದೊಡ್ಡ ಕವಲಿನ ರಾಜ್ಯವಿತ್ತು. 1882ರಲ್ಲಿ ಬೋರರು, ಅಂದರೆ ಡಚ್ ಮೂಲದ ಬಿಳಿಯರು, ಅದಕ್ಕೆ ಮುತ್ತಿಗೆ ಹಾಕಿದರು. ಜನ ಗವಿಗಳಲ್ಲಿ ಕೂತು ತಿಂಗಳುಗಟ್ಟಲೆ ತಡೆದರು. ಕೊನೆಗೆ ಹಸಿವು ತಡೆಯಲಾರದೆ 1883ರಲ್ಲಿ ಅವರ ದೊರೆ ನ್ಯಾಬೆಲಾ ಶರಣಾದ. ಅವನನ್ನು ಜೈಲಿಗೆ ಹಾಕಿ, ಜಮೀನನ್ನು ಯುದ್ಧಕ್ಕೆ ಬಂದ ಬಿಳಿಯರಿಗೆ ಹಂಚಿ, ಜನರನ್ನು ಐದೈದು ವರ್ಷದ ಕರಾರಿನ ಮೇಲೆ ಬೋರ್ ರೈತರ ಮನೆ ಮನೆಗೆ ಜೀತಕ್ಕೆ ಬಿಟ್ಟರು. ಮಾ ಅವರ ಮುತ್ತಾತ ಆ ಜಮೀನಿಗೆ ಬಂದದ್ದು ಹಾಗೆ. ಸುಮಾರು ನೂರು ವರ್ಷ ಆದ ಮೇಲೆ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ಎಂಡೆಬೆಲೆಯವರಿಗೂ ಒಂದು ನಾಡು ಬೇಕು ಅನ್ನಿಸಿತು. ಆಗ ಆ ಬೆಟ್ಟಗಳನ್ನು ವಾಪಸ್ ಕೊಟ್ಟರಾ? ಇಲ್ಲ. ಅದು ಬಿಳಿಯರ ಜಮೀನಾಗಿಯೇ ಉಳಿಯಿತು. ಬೇರೆಲ್ಲೋ ಒಂದಿಷ್ಟು ಒಣ ಭೂಮಿ ಕೊಂಡು, ಅದಕ್ಕೆ ಕ್ವಾಂಡೆಬೆಲೆ ಅಂತ ಬೋರ್ಡ್ ಹಾಕಿ, ಇದೇ ನಿಮ್ಮ ನಾಡು ಅಂದರು.

ಉದ್ದೇಶ ಒಳ್ಳೆಯದಿತ್ತೇ ಅನ್ನುವುದು ನಿಜಕ್ಕೂ ಜಗಳದ ವಿಷಯ, ಒಪ್ಪುತ್ತೇನೆ. ಅಲ್ಲಿ ಇವತ್ತಿಗೂ ಅದನ್ನು ವಾದಿಸುವವರಿದ್ದಾರೆ. ಬ್ರಿಟಿಷರು ಆಫ್ರಿಕಾದಲ್ಲೆಲ್ಲ ಸ್ವಾತಂತ್ರ್ಯ ಕೊಡುತ್ತಿದ್ದ ಕಾಲ, ನಾವೂ ಅದನ್ನೇ ಮಾಡಲು ಹೊರಟಿದ್ದೆವು ಎನ್ನುತ್ತಾರೆ. ಈ ಯೋಜನೆಯ ಮುಖ್ಯ ರೂವಾರಿ ಹೆಂಡ್ರಿಕ್ ಫರ್ವೂರ್ಟ್. ಮೊದಲು ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್, ಆಮೇಲೆ ಮಂತ್ರಿ, ಆಮೇಲೆ ಪ್ರಧಾನಿ. ಇದು ಒಳ್ಳೆಯ ನೆರೆಹೊರೆಯವರ ಹಾಗೆ ಬಾಳುವ ನೀತಿ ಅಂತ ಮೆದು ದನಿಯಲ್ಲಿ ಹೇಳುತ್ತಿದ್ದ. ಹೆಸರು 'ಪ್ರತ್ಯೇಕ ಅಭಿವೃದ್ಧಿ'.

ಸರಿ, ಉದ್ದೇಶವನ್ನು ಲೆಕ್ಕದಲ್ಲೇ ನೋಡೋಣ. 1913ರ ಭೂ ಕಾಯ್ದೆಯಲ್ಲಿ ಕಪ್ಪು ಜನರಿಗೆ ಬಿಟ್ಟದ್ದು ದೇಶದ ನೂರಕ್ಕೆ ಸುಮಾರು 7 ಭಾಗ. 1936ರಲ್ಲಿ ಅದನ್ನು ಸುಮಾರು 13ಕ್ಕೆ ಏರಿಸುವ ಮಾತಾಯಿತು. ಜನಸಂಖ್ಯೆಯಲ್ಲಿ ಅವರು ನೂರಕ್ಕೆ ಎಪ್ಪತ್ತರಷ್ಟು. ಈ ಮೀಸಲು ಜಾಗಗಳಲ್ಲಿ ಅಷ್ಟು ಜನ ಬದುಕಬಹುದಾ ಎಂದು ನೋಡಲು ಸರ್ಕಾರವೇ ಟಾಮ್ಲಿನ್‌ಸನ್ ಆಯೋಗ ನೇಮಿಸಿತು. 1955ರಲ್ಲಿ ಆಯೋಗ ವರದಿ ಕೊಟ್ಟಿತು. ಬದುಕಬೇಕಾದರೆ ಹತ್ತು ವರ್ಷದಲ್ಲಿ 10.4 ಕೋಟಿ ಪೌಂಡ್ ಹಾಕಬೇಕು, ಒಳಗಡೆ ಕಾರ್ಖಾನೆ ಬರಬೇಕು, ಬಿಳಿಯರ ಬಂಡವಾಳಕ್ಕೂ ಬಾಗಿಲು ತೆರೆಯಬೇಕು ಎಂದಿತು. ಅದು ವರ್ಣಭೇದ ವಿರೋಧಿಗಳ ಆಯೋಗವಲ್ಲ, ಅವರದೇ ಕಡೆಯವರು. ಫರ್ವೂರ್ಟ್ ಅಷ್ಟು ಹಣ ಕೊಡಲಿಲ್ಲ, ಬಂಡವಾಳವನ್ನೂ ಒಳಗೆ ಬಿಡಲಿಲ್ಲ. ನಾಡು ಕಟ್ಟುವ ಮನಸ್ಸಿದ್ದವನು ಹೀಗೆ ಮಾಡುತ್ತಾನಾ? ಕ್ವಾಂಡೆಬೆಲೆಗೆ ಧಾರಾಳವಾಗಿ ಸರ್ಕಾರದ ದುಡ್ಡು ಹೋದದ್ದು ಬಸ್ಸಿನ ಸಬ್ಸಿಡಿಗೆ. ಹಗಲು ಪ್ರಿಟೋರಿಯಾಕ್ಕೆ ಕೈಗಳು ಬೇಕಿತ್ತು, ರಾತ್ರಿ ಆ ಕೈಗಳ ಹಿಂದಿನ ಮನುಷ್ಯರು ಬೇಡವಾಗಿತ್ತು. ಬಸ್ಸಿಲ್ಲದಿದ್ದರೆ ಆ ನಾಡು ಒಂದು ದಿನ ನಡೆಯುತ್ತಿರಲಿಲ್ಲ. ಅಷ್ಟು ಮಟ್ಟಿಗೆ ನಮ್ಮ ಇಲಾಖೆಯ ಕೆಲಸ ಅದು.

ಇನ್ನು ಪಾಸು, ಅಂದರೆ ಕಪ್ಪು ಜನ ಸದಾ ಜೊತೆಗಿಟ್ಟುಕೊಳ್ಳಬೇಕಿದ್ದ ಅನುಮತಿ ಪುಸ್ತಕ. ಒಂದು ದಿನ ಮಾ ತಮ್ಮ ತಾಯಿಯ ಪಾಸ್‌ಬುಕ್ ತಂದು ತೋರಿಸಿದರು. ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದರು. ಒಳಗೆ ಫೋಟೊ. ಆಮೇಲೆ ಯಜಮಾನನ ಹೆಸರು, ವಿಳಾಸ, ಮತ್ತೆ ತಿಂಗಳಿಗೊಂದರಂತೆ ಸಹಿ ಹಾಕುವ ಕಾಲಂ. ಒಂದು ಯಜಮಾನತಿ ಎರಡು ವರ್ಷ ಒಂದೇ ನೇರಳೆ ಶಾಯಿಯಲ್ಲಿ ಗುಂಡಗೆ ಸಹಿ ಹಾಕಿದ್ದಳು. ಒಂದು ಕಡೆ ಎರಡು ತಿಂಗಳ ಕಾಲಂ ಖಾಲಿ. 'ಆಗ ಏನಾಯ್ತು?' ಅಂದೆ. 'ಒಳಗಿದ್ದಳು' ಅಂದರು ಮಾ. ಒಂದು ತಿಂಗಳ ಸಹಿ ತಪ್ಪಿದ್ದಕ್ಕೆ ಹಿಡಿದರು, ಹಿಡಿದ ಮೇಲೆ ಕೆಲಸ ಹೋಯಿತು, ಕೆಲಸ ಹೋದದ್ದಕ್ಕೆ ಮುಂದಿನ ಸಹಿಯೂ ಇಲ್ಲ.

ಕಪ್ಪು ಮನುಷ್ಯ ಪಟ್ಟಣದಲ್ಲಿ ಅನುಮತಿ ಇಲ್ಲದೆ 72 ಗಂಟೆಗಿಂತ ಜಾಸ್ತಿ ಇರುವ ಹಾಗಿರಲಿಲ್ಲ. ಅಲ್ಲೇ ಹುಟ್ಟಿ ಬಿಡದೆ ಅಲ್ಲೇ ಇದ್ದಿರಬೇಕು, ಇಲ್ಲವೇ ಒಬ್ಬನೇ ಯಜಮಾನನ ಹತ್ತಿರ 10 ವರ್ಷ, ಬಿಡದೆ ದುಡಿದಿರಬೇಕು, ಅಥವಾ ಅದೇ ಊರಲ್ಲಿ ಕಾನೂನು ಪ್ರಕಾರ ಬಿಡದೆ 15 ವರ್ಷ ಇದ್ದಿರಬೇಕು. ಆಗ ಮಾತ್ರ ಇರುವ ಹಕ್ಕು. ಈ ಪುಸ್ತಕವನ್ನು ತಂದ 1952ರ ಕಾನೂನಿನ ಹೆಸರು ಕೇಳಿ: ಪಾಸುಗಳ ರದ್ದತಿ ಕಾಯ್ದೆ! ಬೇರೆ ಬೇರೆ ಚೀಟಿ ರದ್ದು ಮಾಡಿ ಒಂದೇ ಪುಸ್ತಕ ಕೊಟ್ಟರು, ಅದಕ್ಕೆ ರದ್ದತಿ ಅಂದರು. ಹೆಂಗಸರಿಗೂ ಇದನ್ನು ಹೇರಲು ಹೊರಟಾಗ, 1956ರ ಆಗಸ್ಟ್ 9ರಂದು ಸುಮಾರು 20,000 ಹೆಂಗಸರು ಪ್ರಿಟೋರಿಯಾದಲ್ಲಿ ಸರ್ಕಾರದ ಮುಖ್ಯ ಕಚೇರಿಯಾದ ಯೂನಿಯನ್ ಬಿಲ್ಡಿಂಗ್ಸ್‌ಗೆ ನಡೆದು ಹೋದರು. ಆದರೂ ಹೇರಿದರು. ಪಾಸು ಹೋದದ್ದು 1986ರಲ್ಲಿ.

ಆ ಪುಸ್ತಕ ಕೈಯಲ್ಲಿ ಹಿಡಿದಾಗ ನನಗೆ ಒಂಥರಾ ಆಯಿತು. ನಾನೂ ಪಾಸು ನೋಡಿದವನೇ. ಫೋಟೊ ನೋಡು, ಮುಖ ನೋಡು, ತಾರೀಖು ನೋಡು. ತಾರೀಖು ಮುಗಿದಿದ್ದರೆ ಕಾಲೇಜು ಹುಡುಗರನ್ನು ಇಳಿಸಿದ್ದೂ ಇದೆ. ಇಳಿದ ಹುಡುಗ ಬೈಕೊಂಡು ಮನೆಗೆ ನಡೆದು ಹೋಗುತ್ತಿದ್ದ. ಜೈಲಿಗಲ್ಲ.

ಈ ಪಾಸಿಗೂ 'ತಾಯ್ನಾಡಿ'ಗೂ ಗಂಟು ಇದೆ. 1970ರಲ್ಲಿ ಒಂದು ಕಾನೂನು ಮಾಡಿ ದೇಶದ ಎಲ್ಲ ಕಪ್ಪು ಜನರನ್ನೂ ಒಂದಲ್ಲ ಒಂದು ಹೋಮ್‌ಲ್ಯಾಂಡಿನ ಪ್ರಜೆ ಅಂತ ಬರೆದುಕೊಂಡರು. ಜೊಹಾನ್ಸ್‌ಬರ್ಗಿನಲ್ಲಿ ಹುಟ್ಟಿ ಬೆಳೆದವನೂ ಅಷ್ಟೇ. ಮುಂದಿನ ಹೆಜ್ಜೆ ಆ ಹೋಮ್‌ಲ್ಯಾಂಡಿಗೆ 'ಸ್ವಾತಂತ್ರ್ಯ' ಕೊಡುವುದು. ಕೊಟ್ಟ ದಿನವೇ ಅಲ್ಲಿಯವನು ಅಂತ ಬರೆಸಿಕೊಂಡವನೆಲ್ಲ ದಕ್ಷಿಣ ಆಫ್ರಿಕಾದ ಪ್ರಜೆಯಲ್ಲ. ಅವನು ಇದ್ದಲ್ಲೇ ಇದ್ದಾನೆ, ಅದೇ ಬೀದಿ, ಅದೇ ಮನೆ, ಬೆಳಗಾದರೆ ವಿದೇಶಿ. 1976ರಲ್ಲಿ ಟ್ರಾನ್ಸ್‌ಕೈ, 1977ರಲ್ಲಿ ಬೊಪುತಟ್ಸ್ವಾನ, 1979ರಲ್ಲಿ ವೆಂಡಾ, 1981ರಲ್ಲಿ ಸಿಸ್ಕೈ. ಹೀಗೆ ನಾಲ್ಕಕ್ಕೆ ಮಾಡಿದರು. ಈ ನೀತಿ ಪೂರ್ತಿಯಾದರೆ ದಕ್ಷಿಣ ಆಫ್ರಿಕಾದ ಪೌರತ್ವ ಇರುವ ಒಬ್ಬ ಕಪ್ಪು ಮನುಷ್ಯನೂ ಉಳಿಯುವುದಿಲ್ಲ ಎಂದು 1978ರಲ್ಲಿ ಮಂತ್ರಿ ಕಾನಿ ಮುಲ್ಡರ್ ಪಾರ್ಲಿಮೆಂಟಿನಲ್ಲೇ ಹೇಳಿದ. ಉದ್ದೇಶ ಏನಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? 1960ರಿಂದ 1983ರವರೆಗೆ ಜಾಗ ಬಿಡಿಸಿದ್ದು ಸುಮಾರು 35 ಲಕ್ಷ ಜನರನ್ನು. ಕಪ್ಪು ಜನರ ವ್ಯವಹಾರ ನೋಡುತ್ತಿದ್ದ ಮುಲ್ಡರ್ ಅವರ ಇಲಾಖೆಯ ಹೆಸರಿನ ಕಥೆಯೂ ಚೆನ್ನಾಗಿದೆ. ಮೊದಲು 'ನೇಟಿವ್ ವ್ಯವಹಾರ', ಆಮೇಲೆ 'ಬಾಂಟು ಆಡಳಿತ' (ಬಾಂಟು ಅಂದರೆ ಆ ಸರ್ಕಾರದ ಬಾಯಲ್ಲಿ ಕಪ್ಪು ಜನ), ಆಮೇಲೆ 'ಬಹುವಿಧ ಸಂಬಂಧ', ಕೊನೆಗೆ 'ಸಹಕಾರ ಮತ್ತು ಅಭಿವೃದ್ಧಿ'. ಬಸ್ಸಿನ ಬೋರ್ಡ್ ಮೂರು ಸಲ ಬದಲಾಯಿತು, ರೂಟು ಅದೇ.

ಟ್ರಾನ್ಸ್‌ಕೈ ಸ್ವತಂತ್ರ ಆಯಿತು ಅಂದಾಗ ಒಪ್ಪಿದ್ದು ದಕ್ಷಿಣ ಆಫ್ರಿಕಾ ಒಂದೇ. ವಿಶ್ವಸಂಸ್ಥೆ ಅದೇ ದಿನ ಇದು ಊರ್ಜಿತವಲ್ಲ ಎಂದು ನಿರ್ಣಯ ಮಾಡಿತು. ತಮಾಷೆ ಏನು ಅಂದರೆ, ಎರಡು ವರ್ಷದೊಳಗೆ ಒಂದು ತುಂಡು ಜಮೀನಿನ ಜಗಳಕ್ಕೆ ಟ್ರಾನ್ಸ್‌ಕೈ ಆ ಒಂದೇ ಒಂದು ದೇಶದ ಜೊತೆಗೂ ಸಂಬಂಧ ಕಡಿದುಕೊಂಡಿತು. ಆಮೇಲೆ ದುಡ್ಡಿಗೆ ಅದರ ಮುಂದೆಯೇ ಕೈಚಾಚಬೇಕಾಯಿತು.

ಇಲ್ಲಿ ಮಂಡೇಲಾ ಮಾತು ಹೇಳಲೇಬೇಕು. ಅವರು ಹುಟ್ಟಿದ್ದು ಟ್ರಾನ್ಸ್‌ಕೈನ ಎಂವೆಜೊ ಎಂಬ ಹಳ್ಳಿಯಲ್ಲಿ. ಟ್ರಾನ್ಸ್‌ಕೈ ಹೋಮ್‌ಲ್ಯಾಂಡಿನ ಮುಖ್ಯಸ್ಥ ಕೈಸರ್ ಮಟಾಂಜಿಮಾ ಮಂಡೇಲಾ ಅವರ ಸಂಬಂಧಿಕ. ಹೋಮ್‌ಲ್ಯಾಂಡ್ ನಿಜಕ್ಕೂ ಹುಟ್ಟಿದ ನೆಲ ಎಂದು ಯಾರಿಗಾದರೂ ಹೇಳಬಹುದಾದರೆ ಅದು ಮಂಡೇಲಾಗೆ. 1976ರಲ್ಲಿ ಜೈಲಿಗೇ ಮಂತ್ರಿ ಬಂದು, ಟ್ರಾನ್ಸ್‌ಕೈ ಸರ್ಕಾರವನ್ನು ಒಪ್ಪಿಕೊಂಡು ಅಲ್ಲಿ ಹೋಗಿ ನೆಲೆಸುವುದಾದರೆ ಶಿಕ್ಷೆ ಬಹಳ ಕಮ್ಮಿ ಮಾಡುತ್ತೇವೆ ಅಂದ. ಮಂಡೇಲಾ ಒಪ್ಪಲಿಲ್ಲ. ಇನ್ನೂ ಹದಿನಾಲ್ಕು ವರ್ಷದ ಹತ್ತಿರ ಒಳಗೇ ಕಳೆದರು. ಬಿಡುಗಡೆಯಾದ ಮೇಲೆ ಮನೆ ಕಟ್ಟಿಕೊಂಡದ್ದು ಅದೇ ಸೀಮೆಯ ಕುನು ಹಳ್ಳಿಯಲ್ಲಿ, ಮಣ್ಣಾದದ್ದೂ ಅಲ್ಲೇ. ಊರು ಬೇಡವಾಗಿರಲಿಲ್ಲ ಅವರಿಗೆ.

ಎಲ್ಲ ಕಪ್ಪು ಮುಖಂಡರೂ ಹಾಗೇ ನಿಂತರು ಅಂದರೆ ಅದು ಸುಳ್ಳು. ಕುರ್ಚಿ, ಕಾರು, ಬಾವುಟ ಸಿಕ್ಕಿದವರಿಗೆ ಅದು ಸಾಕಾಯಿತು. ಹಾಗಂತ ಎಲ್ಲರೂ ಲಾಭಕೋರರು ಅನ್ನುವುದೂ ಸರಿಯಲ್ಲ. ಮಾ ಅವರ ತಮ್ಮ ಕ್ವಾಂಡೆಬೆಲೆ ಸರ್ಕಾರದಲ್ಲಿ ಗುಮಾಸ್ತರಾಗಿದ್ದರು. ಆಫೀಸಿನಲ್ಲಿ ನಮ್ಮ ಭಾಷೆ ನಡೀತಿತ್ತು, ಸಂಬಳ ತಿಂಗಳಿಗೆ ಸರಿಯಾಗಿ ಬರ್ತಿತ್ತು ಎಂದು ಅವರು ಈಗಲೂ ಆ ಕಾಲ ನೆನೆಸಿಕೊಳ್ಳುತ್ತಾರಂತೆ. ಅಕ್ಕ ತಮ್ಮ ಈ ವಿಷಯಕ್ಕೆ ಇವತ್ತಿಗೂ ಜಗಳ ಆಡುತ್ತಾರೆ. ಟ್ರಾನ್ಸ್‌ಕೈನಲ್ಲೇ 1987ರಲ್ಲಿ ಬಾಂಟು ಹೊಲೊಮಿಸಾ ಎಂಬ ಸೇನಾಧಿಕಾರಿ ಅಧಿಕಾರ ಹಿಡಿದು, ಮಂಡೇಲಾ ಪಕ್ಷದವರಿಗೆ ಜಾಗ ಕೊಟ್ಟ. ಜುಲು ಜನರಿಗೆ ಮಾಡಿದ ಕ್ವಾಜುಲುವಿನ ಮುಖಂಡ ಬುಥೆಲೆಜಿ ಹೋಮ್‌ಲ್ಯಾಂಡ್ ಸರ್ಕಾರ ನಡೆಸಿದರು, ಆದರೆ ಸ್ವಾತಂತ್ರ್ಯ ಮಾತ್ರ ಬೇಡವೇ ಬೇಡ ಅಂದರು. ಒಂದೇ ಬಣ್ಣ ಬಳಿಯಲು ಆಗುವುದಿಲ್ಲ.

ಕ್ವಾಂಡೆಬೆಲೆಗೆ 1986ರ ಡಿಸೆಂಬರಿಗೆ ಸ್ವಾತಂತ್ರ್ಯದ ಮುಹೂರ್ತ ಇಟ್ಟಿದ್ದರು. ಅದಕ್ಕೆ ಮುಂಚೆ ಪಕ್ಕದ ಮೌತ್ಸೆ ಎಂಬ ಪ್ರದೇಶವನ್ನು ಅದಕ್ಕೆ ಸೇರಿಸಿದರು. ಅಲ್ಲಿದ್ದ ಲಕ್ಷಕ್ಕೂ ಜಾಸ್ತಿ ಜನರಲ್ಲಿ ಹೆಚ್ಚಿನವರು ಎಂಡೆಬೆಲೆಯವರೇ ಅಲ್ಲ, ಪೇಡಿ ಭಾಷೆಯವರು. ನಾವು ಬರಲ್ಲ ಅಂದರು. 1986ರ ಹೊಸ ವರ್ಷದ ದಿನವೇ ಕ್ವಾಂಡೆಬೆಲೆ ಮುಖಂಡರ ಒಂದು ಪಡೆ ಮೌತ್ಸೆ ಮೇಲೆ ಬಿದ್ದು, ಗಂಡಸರನ್ನು ಎಳೆದುಕೊಂಡು ಹೋಗಿ ಸಿಯಾಬುಸ್ವಾ ಊರಿನ ಸಭಾಭವನದಲ್ಲಿ ಕೂಡಿಹಾಕಿ ಹೊಡೆಯಿತು. ಆ ಪಡೆಯ ಹೆಸರು ಎಂಬೊಕೊಥೊ. ಅರೆಯುವ ಕಲ್ಲು ಅಂತ ಅರ್ಥ. ಕ್ವಾಂಡೆಬೆಲೆಯಲ್ಲಿ ಹೆಂಗಸರಿಗೆ ಮತವೂ ಇರಲಿಲ್ಲ. ಆಮೇಲೆ ಎಂಡೆಬೆಲೆ ಜನರೇ, ಅವರ ರಾಜಮನೆತನದವರೂ ಸೇರಿ, ದಂಗೆ ಎದ್ದರು. ಈ ಸ್ವಾತಂತ್ರ್ಯ ನಮಗೆ ಬೇಡ ಅಂತ ಬಸ್ಸು ನಿಲ್ಲಿಸಿದರು, ಶಾಲೆ ನಿಲ್ಲಿಸಿದರು. ಪಡೆಯ ಬೆನ್ನಿಗಿದ್ದ ಮಂತ್ರಿ ಜುಲೈನಲ್ಲಿ ಕಾರ್ ಬಾಂಬಿಗೆ ಸತ್ತ. ಆಗಸ್ಟ್‌ನಲ್ಲಿ ಅವರದೇ ಸಭೆ ಸ್ವಾತಂತ್ರ್ಯ ಬೇಡ ಎಂದು ನಿರ್ಧಾರ ಮಾಡಿತು. 'ತಾಯ್ನಾಡಿಗೆ' ಸ್ವಾತಂತ್ರ್ಯ ಬೇಡ ಅಂತ ಆ ಜನರೇ ಪ್ರಾಣ ಕೊಟ್ಟು ಹೋರಾಡಿದ್ದು ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ. ಮೌತ್ಸೆ ಕೇಸಿನಲ್ಲಿ 1988ರಲ್ಲಿ ಮೇಲಿನ ಕೋರ್ಟು, ಸೇರಿಸಿದ್ದು ಸಿಂಧುವಲ್ಲ ಅಂದಿತು. ಕಾರಣ ಕೇಳಿದರೆ ನಗು ಬರುತ್ತದೆ: ಬುಡಕಟ್ಟು ಬೇರೆ ಬೇರೆ ಮಾಡಲು ತಂದ ಕಾನೂನಿನಲ್ಲಿ ಬೇರೆ ಬುಡಕಟ್ಟಿನವರನ್ನು ಒಟ್ಟಿಗೆ ಸೇರಿಸಲು ಬರಲ್ಲ!

ಈಗ ಗುರುವಾರದ ಪತ್ರದವರಿಗೆ. ಸ್ವಾಮಿ, 1956ರ ನವೆಂಬರ್ 1ಕ್ಕೆ ಮುಂಚೆ ಹುಬ್ಬಳ್ಳಿ ಮುಂಬೈ ರಾಜ್ಯದಲ್ಲಿತ್ತು, ರಾಯಚೂರು ಹೈದರಾಬಾದಿನಲ್ಲಿ. ಆಮೇಲೆ ಎರಡೂ ನಮಗೆ ಬಂದವು. ಹುಬ್ಬಳ್ಳಿಯವರು ಹಿಂದಿನ ದಿನವೂ ಭಾರತದ ಪ್ರಜೆ, ಮರುದಿನವೂ ಭಾರತದ ಪ್ರಜೆ. ಮನೆ ಖಾಲಿ ಮಾಡಿಸಲು ಲಾರಿ ಬರಲಿಲ್ಲ. ಕೋಲಾರದ ಗಣಿಯ ತಮಿಳರಿಗೆ 72 ಗಂಟೆಯಲ್ಲಿ ಜಾಗ ಬಿಡಿ ಅಂತ ಯಾರೂ ಹೇಳಲಿಲ್ಲ. ಕಾಸರಗೋಡು ಹೋಯಿತು ಅಂತ ನಮಗೆ ಇವತ್ತಿಗೂ ಹೊಟ್ಟೆ ಉರಿ ಇದೆ. ಆದರೂ ಕಾಸರಗೋಡಿನ ಕನ್ನಡಿಗ ಕಾಸರಗೋಡಿನಲ್ಲೇ ಮತ ಹಾಕುತ್ತಾನೆ. ನಿನ್ನ ಮತ ಬೆಂಗಳೂರಲ್ಲಿದೆ, ಇಲ್ಲಿ ನೀನು ಪರದೇಶಿ ಅನ್ನುವುದಿಲ್ಲ. ನಮ್ಮಲ್ಲಿ ಗಡಿ ಜಗಳ ಇದೆ, ಬೇಕಾದಷ್ಟಿದೆ. ಅದು ಬೇರೆ ಜಾತಿಯ ಜಗಳ.

ಭಾಷೆ ವಿಷಯದಲ್ಲಿ ನನಗೇ ಒಂದು ಕಸಿವಿಸಿ ಉಳಿದಿದೆ. ನಾನು ಕನ್ನಡ ಮಾಧ್ಯಮದ ಪರ. ರಾಜ್ಯೋತ್ಸವದಲ್ಲಿ ಮೈಕ್ ಸಿಕ್ಕರೆ ಬಿಡುವವನಲ್ಲ. ಅಲ್ಲಿ ಓದಿದರೆ, 1953ರ ಬಾಂಟು ಶಿಕ್ಷಣ ಕಾಯ್ದೆಯ ನಂತರ ಕಪ್ಪು ಮಕ್ಕಳಿಗೆ ಪ್ರಾಥಮಿಕ ಶಾಲೆ ಪೂರ್ತಿ ತಾಯ್ನುಡಿಯಲ್ಲೇ ಪಾಠ. ಕೇಳಲು ಎಷ್ಟು ಚೆಂದ ಅಲ್ವಾ? ಆದರೆ ಅದನ್ನು ತಂದ ಫರ್ವೂರ್ಟ್ ಹೇಳಿದ್ದು, ಬಿಳಿಯರ ಸಮಾಜದಲ್ಲಿ ಇವರಿಗೆ ಒಂದು ಬಗೆಯ ಕೂಲಿಗಿಂತ ಮೇಲೆ ಜಾಗವಿಲ್ಲ, ಅದಕ್ಕೆ ತಕ್ಕ ಓದು ಸಾಕು ಅಂತ. ತಾಯ್ನುಡಿಯನ್ನು ಬೇಲಿ ಮಾಡಿದರು. ಹಾಗಾಗಿ ಅಲ್ಲಿ ಎಷ್ಟೋ ತಂದೆತಾಯಿಗಳಿಗೆ ತಾಯ್ನುಡಿ ಶಾಲೆ ಅಂದರೆ ಈಗಲೂ ಅನುಮಾನ. 1976ರ ಜೂನ್ 16ರಂದು ಸೊವೆಟೊದ ಮಕ್ಕಳು ಬೀದಿಗೆ ಬಂದದ್ದು ಇನ್ನೊಂದು ತುದಿಯಿಂದ, ಗಣಿತವನ್ನೂ ಬೋರರ ಆಫ್ರಿಕಾನ್ಸ್ ಭಾಷೆಯಲ್ಲಿ ಕಲಿಯಿರಿ ಅಂದಾಗ. ಮಾ ಐದು ಭಾಷೆ ಆಡುತ್ತಾರೆ, ಒಂದರಲ್ಲೂ ಸರಾಗವಾಗಿ ಬರೆಯಲು ಬಾರದು.

ನಮ್ಮವರ ಮಾತೂ ಇದೆ. ಆ ಮರಬಾಸ್ಟಡ್ ಬಸ್‌ಸ್ಟ್ಯಾಂಡ್ ನೋಡಲೇಬೇಕು ಅಂತ ಅಳಿಯನಿಗೆ ದುಂಬಾಲು ಬಿದ್ದು ಹೋದೆ. ಅಲ್ಲೇ ಹತ್ತಿರ ಒಂದು ಗೋಪುರ ಕಂಡಿತು. ಮಾರಿಯಮ್ಮನ ಗುಡಿ! ಹಿಂದಿನ ಕಾಲದ ತಮಿಳರು ಕಟ್ಟಿದ್ದು. ಚಪ್ಪಲಿ ಬಿಟ್ಟು ಒಳಗೆ ಹೋಗಿ ಕೈಮುಗಿದೆ. ಸುತ್ತ ಅಂಗಡಿಗಳಿವೆ, ಭಕ್ತರ ಮನೆಗಳಿಲ್ಲ. ಕಪ್ಪು ಜನರನ್ನು ಮೊದಲೇ ಅಟ್ರಿಜ್‌ವಿಲ್‌ಗೆ ಕಳಿಸಿದ್ದರು. ಬಣ್ಣ ನೋಡಿ ಬಡಾವಣೆ ಬೇರೆ ಮಾಡುವ 1950ರ ಗ್ರೂಪ್ ಏರಿಯಾಸ್ ಕಾಯ್ದೆ ಬಂದ ಮೇಲೆ ಭಾರತೀಯರನ್ನು ಲೌಡಿಯಂ ಬಡಾವಣೆಗೆ, ಮಿಶ್ರ ಮೂಲದವರನ್ನು ಈರ್ಸ್ಟರಸ್ಟ್‌ಗೆ ಕಳಿಸಿದರು. ಅಮ್ಮ ಮಾತ್ರ ಇದ್ದಲ್ಲೇ ಇದ್ದಾಳೆ. 1984ರಲ್ಲಿ ಭಾರತೀಯರಿಗೂ ಮಿಶ್ರ ಮೂಲದವರಿಗೂ ಪಾರ್ಲಿಮೆಂಟಿನಲ್ಲಿ ಒಂದೊಂದು ಬೇರೆ ಕೋಣೆ ಕೊಟ್ಟು ಮತ ಹಾಕಿ ಅಂದರು. ಕಪ್ಪು ಜನರಿಗೆ ಇಲ್ಲ, ನಿಮಗೆ ಹೋಮ್‌ಲ್ಯಾಂಡ್ ಇದೆಯಲ್ಲ ಅಂದರು. ಅಲ್ಲಿನ ಭಾರತೀಯರಲ್ಲಿ ಹೆಚ್ಚಿನವರು ಮತ ಹಾಕಲು ಹೋಗಲೇ ಇಲ್ಲ. ನನಗೆ ಅದು ಹೆಮ್ಮೆ. ನಮ್ಮ ಸರ್ಕಾರ 1946ರಲ್ಲೇ ಅವರ ಜೊತೆ ವ್ಯಾಪಾರ ಬಿಟ್ಟಿತ್ತು. ಆಮೇಲೆ ನಮ್ಮ ಪಾಸ್‌ಪೋರ್ಟು ದಕ್ಷಿಣ ಆಫ್ರಿಕಾಕ್ಕೆ ನಡೆಯದ ಕಾಲವೂ ಇತ್ತು. 1974ರಲ್ಲಿ ಡೇವಿಸ್ ಕಪ್ ಫೈನಲ್ ತಲುಪಿಯೂ ಎದುರಿಗೆ ಅವರು ಅಂತ ನಮ್ಮವರು ಆಡಲಿಲ್ಲ, ಕಪ್ ಬಿಟ್ಟುಕೊಟ್ಟರು.

1994ರ ಏಪ್ರಿಲ್ 27ರಂದು ಎಲ್ಲರೂ ಮತ ಹಾಕಿದ ದಿನ ಹತ್ತೂ ಹೋಮ್‌ಲ್ಯಾಂಡ್‌ಗಳು ಕಾಗದದ ಮೇಲೆ ಇಲ್ಲವಾದವು. ಮಾ ಅವತ್ತು ಸಾಲಿನಲ್ಲಿ ಆರು ಗಂಟೆ ನಿಂತರಂತೆ. ಕೆಲಸ ಮಾತ್ರ ಪ್ರಿಟೋರಿಯಾದಲ್ಲೇ ಉಳಿಯಿತು, ಮನೆ ಅಲ್ಲೇ ಉಳಿಯಿತು. ಆ ಮನೆಯ ಜಾಗಕ್ಕೆ ಅವರ ಹೆಸರಿನ ಪತ್ರ ಇವತ್ತಿಗೂ ಇಲ್ಲ. ಹುಟ್ಟಿದ ಜಮೀನು ಈಗ ದುಡ್ಡಿದ್ದವರು ವಾರಾಂತ್ಯಕ್ಕೆ ಹೋಗುವ ರೆಸಾರ್ಟು. ಅಜ್ಜ ಅಜ್ಜಿಯ ಗೋರಿ ಬೇಲಿ ಒಳಗಿದೆ. ವರ್ಷಕ್ಕೊಮ್ಮೆ ಹೋಗಬೇಕಾದರೆ ಗೇಟಿನಲ್ಲಿ ಹೆಸರು ಬರೆಸಿ, ಫೋನ್ ಮಾಡಿಸಿ, ಕಾಯಬೇಕು.

ಹೊರಡುವ ಮುಂಚೆ ನಾನು ಮಾಗೆ, ನಮ್ಮ ಭಾಷೆಯಲ್ಲಿ ಹೋಮ್‌ಲ್ಯಾಂಡ್ ಅನ್ನುವುದಕ್ಕೆ ತಾಯಿಯ ನಾಡು ಅನ್ನುತ್ತೇವೆ ಅಂದೆ. ಅವರು ನಗಲಿಲ್ಲ. ಆ ಬ್ರೆಡ್ಡಿನ ಚೀಲ ಮಡಿಸಿಕೊಂಡು, 'ನನ್ನ ತಾಯಿ ಅಲ್ಲಿ ಮೂರು ವರ್ಷ ಟೆಂಟಿನಲ್ಲಿದ್ದಳು' ಅಂದರು, ಅಷ್ಟೆ.

ಹಾಗಾಗಿ ದಯವಿಟ್ಟು ಒಂದು ತಿದ್ದುಪಡಿ ಹಾಕಿ. ಪದ ಬೇಕಾದರೆ ಹೋಮ್‌ಲ್ಯಾಂಡ್ ಅಂತಲೇ ಬಿಡಿ. ಇಲ್ಲ, ವಿರೋಧಿಗಳು ಕರೆಯುತ್ತಿದ್ದ ಹಾಗೆ ಬಾಂಟುಸ್ತಾನ ಅನ್ನಿ. ಅದರ ಬಾಲದ 'ಸ್ತಾನ' ನಮ್ಮ ಕಡೆಯಿಂದಲೇ ಹೋದದ್ದು, ಓದುಗರಿಗೆ ಅರ್ಥವಾಗುತ್ತದೆ.

ಇಂತಿ ನಿಮ್ಮ ಹಳೆಯ ಓದುಗ,
ನಿವೃತ್ತ ಸಂಚಾರ ನಿಯಂತ್ರಕ,
ಅರಸೀಕೆರೆ

ಬರೆಯಲು ಮರೆತದ್ದು: ಲೇಖನದ ಜೊತೆ ಹಾಕಿದ ನಕ್ಷೆಯಲ್ಲಿ ಎರಡು ತಪ್ಪಿದೆ. ಲೆಸೋಥೊಗೂ ಹೋಮ್‌ಲ್ಯಾಂಡಿನ ಬಣ್ಣ ಹಚ್ಚಿದ್ದೀರಿ. ಅದು ದಕ್ಷಿಣ ಆಫ್ರಿಕಾದ ಹೊಟ್ಟೆಯೊಳಗಿದ್ದರೂ ಅದರ ಭಾಗವಾಗಿರಲಿಲ್ಲ. ಬ್ರಿಟಿಷರ ಕೈಯಲ್ಲಿತ್ತು, 1966ರಲ್ಲಿ ಸ್ವತಂತ್ರ ಆಯಿತು, ವಿಶ್ವಸಂಸ್ಥೆಯ ಸದಸ್ಯ ದೇಶ. ಎರಡನೆಯದು, ಬೊಪುತಟ್ಸ್ವಾನವನ್ನು ಒಂದೇ ತುಂಡಾಗಿ ತೋರಿಸಿದ್ದೀರಿ. ಅದು ಚೆಲ್ಲಾಪಿಲ್ಲಿ ತುಂಡುಗಳು. ಜೂಜಿಗೆ ಹೆಸರಾದ ಸನ್ ಸಿಟಿ ಒಂದು ತುಂಡಿನಲ್ಲಿತ್ತು. ಥಾಬಾ ಎನ್‌ಚು ಅನ್ನುವ ತುಂಡು ಅಲ್ಲಿಂದ ನೂರಾರು ಕಿಲೋಮೀಟರ್ ದೂರ, ಬ್ಲೂಮ್‌ಫಾಂಟೇನ್ ಹತ್ತಿರ. ಈ ತುಂಡಿನಿಂದ ಆ ತುಂಡಿಗೆ ಒಂದು ಬಸ್ ಬಿಡಬೇಕಾದರೂ ಅದು ಪರದೇಶ ಹಾದು ಹೋಗಬೇಕಿತ್ತು.